ಒಂದು ಹಿಡಿ ಅಕ್ಕಿ ಕಮ್ಮಿ

ಭಾನುವಾರ ಚರ್ಚ್ ಮುಗಿಸಿ ಬಂದು ಅಡುಗೆಮನೆಯಲ್ಲಿ ಕೋಳಿಗೆ ಮಸಾಲೆ ಅರೆಯುತ್ತಿದ್ದೆ. ಹೊರಗೆ ಜಗಲಿಯಲ್ಲಿ ಓಂಕಾರಮೂರ್ತಿ ಮೇಸ್ತ್ರಿಯ ದನಿ ಕೇಳಿಸಿತು. ಎಸ್ಟೇಟಿನ ಕೆಲಸದವರನ್ನೆಲ್ಲ ನೋಡಿಕೊಳ್ಳುವ ಮೇಸ್ತ್ರಿಗೆ ಐವತ್ತೆರಡು ವರ್ಷ, ಹೆಂಡತಿ ತೀರಿಕೊಂಡು ಮೂರು ವರ್ಷ. ಇಣುಕಿ ನೋಡಿದೆ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು.

"ರೈಟರೇ, ನಿಮ್ಮ ಪ್ರಶೀಲಾನ್ನ ಹೆಣ್ಣು ಕೇಳಕ್ಕೆ ಬಂದೆ."

ಮೂವತ್ತು ವರ್ಷ ಎಸ್ಟೇಟ್ ರೈಟರ್ ಆಗಿ ಲೆಕ್ಕ ಬರೆದ ಅಪ್ಪ ಕೈಯಲ್ಲಿದ್ದ ಪೇಪರ್ ಕೆಳಗಿಟ್ಟರು. ಅಮ್ಮ ಸೌಟು ಹಿಡಿದೇ ಜಗಲಿಗೆ ನುಗ್ಗಿದಳು.

"ಎಂತ ಮೇಸ್ತ್ರಿಗಳೇ, ತಲೆ ಸರಿ ಇದೆಯಾ? ನಿಮ್ಮ ವಯಸ್ಸೆಷ್ಟು, ನನ್ನ ಮಗಳ ವಯಸ್ಸೆಷ್ಟು?"

"ಅಯ್ಯಯ್ಯೋ, ನಂಗಲ್ಲ ಮಾರಾಯ್ರೆ! ಮಿಜೋ ಮೇಷ್ಟ್ರಿಗೆ!"

ಅರೆಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ಮಿಜೋ ಮೇಷ್ಟ್ರು ಅಂದರೆ ರೆಮಾ. ಅವನ ಅಪ್ಪ ಅಮ್ಮ ಮಿಜೋರಾಮಿನಿಂದ ಮಿಷನರಿಗಳಾಗಿ ನಮ್ಮೂರು ಗೋಣಿಬೀಡಿಗೆ ಬಂದು ನಾಲ್ಕು ವರ್ಷ. ಜಾರ್ಖಂಡಿನಿಂದ ಕಾಫಿ ಕೊಯ್ಲಿಗೆ ಬರುವ ಕ್ರೈಸ್ತ ಕುಟುಂಬಗಳಿಗೆ ಅವನಪ್ಪ ಪ್ರಾರ್ಥನೆ ನಡೆಸುತ್ತಾರೆ. ಆ ಮಕ್ಕಳಿಗೆ ಇವನು ಕೆಲಸದವರು ಇರುವ ಎಸ್ಟೇಟ್ ಲೈನಿನ ಒಂದು ಕೋಣೆಯಲ್ಲಿ ಪಾಠ ಹೇಳುತ್ತಾನೆ.

ನಾನು ಎಸ್ಟೇಟ್ ಡಿಸ್ಪೆನ್ಸರಿಯ ನರ್ಸ್. ಯಾವ ಮಗುವಿನ ಮಂಡಿ ತರಚಿದರೂ ಎತ್ತಿಕೊಂಡು ಓಡಿ ಬರುತ್ತಿದ್ದ. ನಾನು ಬ್ಯಾಂಡೇಜ್ ಕಟ್ಟುವಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದ. ತಲೆ ಎತ್ತಿದೆನೋ, ಗೋಡೆಯ ಪೋಲಿಯೋ ಪೋಸ್ಟರ್ ಓದಲು ಶುರು. ನಾಲ್ಕು ವರ್ಷದಲ್ಲಿ ಆ ಪೋಸ್ಟರ್ ಪುಣ್ಯಾತ್ಮನಿಗೆ ಬಾಯಿಪಾಠ ಆಗಿರಬೇಕು. ನನಗೂ ಅವನು ಬಾರದ ದಿನ ಡಿಸ್ಪೆನ್ಸರಿ ಬಿಕೋ ಅನ್ನುತ್ತಿತ್ತು, ಸುಳ್ಳೇಕೆ ಹೇಳಲಿ.

ಅಪ್ಪ ಎದ್ದು ನಿಂತರು. "ಹುಡುಗನ್ನ ಹೆತ್ತವರಿಗೆ ನಮ್ಮ ಹೊಸ್ತಿಲು ತುಳಿಯಕ್ಕೆ ಆಗಲ್ವಾ? ಮೇಸ್ತ್ರಿ ಹತ್ರ ಹೇಳಿ ಕಳ್ಸಕ್ಕೆ ಇದೇನು ಕೊಯ್ಲಿಗೆ ಜನ ಕರೆಯೋ ಕೆಲಸವಾ?"

ಬಾಳೆಹಣ್ಣು ಬಂದ ದಾರಿಯಲ್ಲೇ ವಾಪಸ್ ಹೋಯಿತು.

ನನಗೆ ಅಪ್ಪನಿಗಿಂತ ಜಾಸ್ತಿ ಸಿಟ್ಟು. ನನ್ನ ಹತ್ತಿರ ಒಂದು ಮಾತು ಆಡದವನು ಮೇಸ್ತ್ರಿಯ ಹತ್ತಿರ ಆಡಿದನಲ್ಲ! ಮಸಾಲೆ ಕೈ ತೊಳೆದು, ಚಪ್ಪಲಿ ಮೆಟ್ಟಿ, ಸೀದಾ ಲೈನಿಗೆ ಹೋದೆ. ಅವನು ಕರಿಹಲಗೆ ಒರೆಸುತ್ತಿದ್ದ.

"ನಿಂಗೆ ಬಾಯಿ ಇಲ್ವಾ?" ಸಿಟ್ಟಿನಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು.

"ಸಿಸ್ಟರ್..."

"ಸಿಸ್ಟರ್ ಅಂತೆ! ಹೆಣ್ಣು ಕೇಳಿ ಕಳಿಸಿದ ಮೇಲೂ ಸಿಸ್ಟರಾ?"

ಅವನ ಕಿವಿ ಎರಡೂ ಕೆಂಪಾದವು. "ನಮ್ಮಲ್ಲಿ ಹುಡುಗ, ಅಪ್ಪ, ಅಮ್ಮ ಯಾರೂ ಹೋಗಿ ಕೇಳಂಗಿಲ್ಲ. ಗೌರವಸ್ಥರನ್ನ ಕಳಿಸ್ಬೇಕು. ಪಲಾಯ್ ಅಂತೀವಿ. ನಾವೇ ಬಂದ್ರೆ ನಿಮ್ಮಪ್ಪನಿಗೆ ಮರ್ಯಾದೆ ಕೊಟ್ಟ ಹಾಗಾಗಲ್ಲ ಅಂದ್ಕೊಂಡೆ. ಈ ಊರಲ್ಲಿ ನಂಗೆ ಗೊತ್ತಿರೋ ದೊಡ್ಡ ಮನುಷ್ಯ ಅಂದ್ರೆ ಮೇಸ್ತ್ರಿ. ಮೂರು ದಿನ ಪ್ರಾರ್ಥನೆ ಮಾಡಿ ಕಳಿಸಿದ್ದು."

ನಗು ಬಂತು. ತಡೆದುಕೊಂಡೆ. "ನಾಲ್ಕು ವರ್ಷ ಸುಮ್ನಿದ್ದು ಈಗ ಎಂತ ಅವಸರ?"

ಅವನು ಜೇಬಿನಿಂದ ಒಂದು ಕಾಗದ ತೆಗೆದು ಕೊಟ್ಟ. ಮಿಷನ್ನಿನವರದು. ಜೂನ್‌ನಲ್ಲಿ ಅರುಣಾಚಲದ ಒಂದು ಬೆಟ್ಟದೂರಿಗೆ ಹೋಗಿ ಶಾಲೆ ಶುರು ಮಾಡಬೇಕು. ಅಪ್ಪ ಅಮ್ಮ ಇಲ್ಲೇ, ಇವನೊಬ್ಬನೇ ಅಲ್ಲಿಗೆ. ತಿಂಗಳ ಕೊನೆಯೊಳಗೆ ಉತ್ತರ ಬರೆಯಬೇಕು.

"ಅಲ್ಲಿ ಆಸ್ಪತ್ರೆಗೆ ಒಂದು ದಿನ ನಡೀಬೇಕು," ಅಂದ. "ನರ್ಸ್ ಇಲ್ಲ."

"ಓಹೋ. ನಿಂಗೆ ಬೇಕಾಗಿರೋದು ನರ್ಸು."

ಆ ಕೋಣೆಯಲ್ಲಿ ಓದಲು ಪೋಸ್ಟರ್ ಇರಲಿಲ್ಲ. ಮೊದಲ ಸಲ ಕಣ್ಣು ತಪ್ಪಿಸದೆ ನನ್ನನ್ನೇ ನೋಡಿದ.

"ನರ್ಸ್ ಬೇಕಿದ್ರೆ ಮಿಷನ್ನಿಗೆ ಬರೀತಿದ್ದೆ. ನಂಗೆ ನೀನು ಬೇಕು, ಪ್ರಶೀಲಾ. ನೀನು ಬರದಿದ್ರೂ ನಾನು ಹೋಗ್ಬೇಕು, ದೇವರಿಗೆ 'ಆಗ್ಲಿ' ಅಂದಾಗಿದೆ. ಆದ್ರೆ ದಿನಾ ನಿನ್ನ ನೆನೆಸ್ಕೊಂಡು ಕೆಲಸ ಕೆಡಿಸ್ತೀನಿ."

ಇಷ್ಟು ವರ್ಷ ಈ ಒಂದು ಮಾತಿಗೇ ಕಾದಿದ್ದೆ ಅಂತ ಆಗ ಗೊತ್ತಾಯಿತು.

"ಬರ್ತೀನಿ," ಅಂದೆ. "ನಂಗೂ ನೀನೇ ಬೇಕು. ಆದ್ರೆ ನಾನು ಒಬ್ಬಳೇ ಮಗಳು. ಅಮ್ಮ ಒಪ್ಪದೆ ಮನೆ ಬಿಡಲ್ಲ. ಬರೋ ಭಾನುವಾರ ನಿನ್ನ ಅಪ್ಪ ಅಮ್ಮನ್ನ ಕರ್ಕೊಂಡು ನೀನೇ ಬಾ."

"ಅವರಿಗೆ ನಾಚಿಕೆ ಆಗುತ್ತೆ ಮಾರಾಯ್ತಿ."

"ಆಗ್ಲಿ. ನಮ್ಮಪ್ಪನಿಗೆ ಇವತ್ತು ಆಗಿದೆ."

ಮುಂದಿನ ಭಾನುವಾರ ಮೂವರೂ ಬಂದರು. ರೆಮಾನ ಅಮ್ಮ ಅವರೂರಿನ ಕೈಮಗ್ಗದ ಬಟ್ಟೆ ಉಟ್ಟು, ತಲೆ ತಗ್ಗಿಸಿ ನಿಂತಿದ್ದರು. ತಮ್ಮ ಪದ್ಧತಿ ಮುರಿದು ಬಂದಿದ್ದಾರೆ ಅಂತ ತಿಳಿದದ್ದೇ ಅಪ್ಪ ಕರಗಿ ನೀರಾದರು. "ಬನ್ನಿ, ಬನ್ನಿ" ಅಂತ ಕೈ ಹಿಡಿದು ಕೂರಿಸಿದರು.

ಅರುಣಾಚಲದ ವಿಷಯ ಕೇಳಿದ ಅಮ್ಮ ಕರಗಲಿಲ್ಲ. "ಊಟ ಮಾಡ್ಕೊಂಡು ಹೋಗಿ. ಮಗಳನ್ನ ಮಾತ್ರ ಅಷ್ಟು ದೂರ ಕಳ್ಸಲ್ಲ," ಅಂತ ಕಡ್ಡಿ ಮುರಿದ ಹಾಗೆ ಹೇಳಿ ಒಳಗೆ ನಡೆದಳು. ನಾನೂ ಒಳಗೆ ಹೋದೆ.

ರೆಮಾನ ಅಮ್ಮ ಹಿಂದೆಯೇ ಅಡುಗೆಮನೆಗೆ ಬಂದರು. ಅಮ್ಮ ಪಾತ್ರೆಗೆ ಅಕ್ಕಿ ಅಳೆದು ಹಾಕಿದಳು. ಅವರು ಕೈ ಹಾಕಿ ಒಂದು ಹಿಡಿ ತೆಗೆದು ಪಕ್ಕದ ಬಟ್ಟಲಿಗೆ ಸುರಿದರು.

"ಎಂತ ಇದು? ನಮ್ಮನೇಲಿ ಅಕ್ಕಿಗೆ ಬರ ಬಂದಿದ್ಯಾ?" ಅಮ್ಮ ಸಿಡುಕಿದಳು.

ಅವರು ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದರು. ಬಾಗಿಲಲ್ಲಿದ್ದ ರೆಮಾ ಒಳಗೆ ಬಂದ.

"ಅಭ್ಯಾಸ ಅಮ್ಮ, ತಪ್ಪು ತಿಳ್ಕೋಬೇಡಿ. ನಮ್ಮೂರಲ್ಲಿ ಅನ್ನ ಮಾಡೋವಾಗೆಲ್ಲ ಒಂದು ಹಿಡಿ ಅಕ್ಕಿ ಮಿಷನ್ನಿಗೆ ಅಂತ ತೆಗೆದಿಡ್ತಾರೆ. ಮನೆಯವರು ಅಷ್ಟು ಕಮ್ಮಿ ಉಣ್ತಾರೆ. ಅದನ್ನ ಮಾರಿ ದುಡ್ಡು ಕೂಡಿಸ್ತಾರೆ. ನಮ್ಮನ್ನ ಇಲ್ಲಿಗೆ ಕಳಿಸಿದ್ದು ಆ ಅಕ್ಕಿ. ನನ್ನ ಈಗ ಕಳ್ಸೋದೂ ಅದೇ."

"ನಿಮ್ಮ ಗುರುತು ಇಲ್ದೋರೂ ಇಡ್ತಾರಾ?" ಅಮ್ಮ ಕೇಳಿದಳು.

"ನಮ್ಮ ಮುಖ ಕೂಡ ನೋಡಿಲ್ಲ ಅವರು."

ಅಮ್ಮ ಅವನ ಅಮ್ಮನ ಕಡೆ ತಿರುಗಿದಳು. ದನಿ ತಗ್ಗಿತ್ತು. "ಮಗನ್ನ ಒಬ್ಬನೇ ಅಷ್ಟು ದೂರ ಕಳ್ಸಕ್ಕೆ ನಿಮಗೆ ಸಂಕಟ ಆಗಲ್ವಾ?"

ರೆಮಾ ಅನುವಾದಿಸುವ ಮೊದಲೇ ಅವರು ತಮಗೆ ಬರುವ ನಾಲ್ಕು ಮಾತಿನ ಕನ್ನಡದಲ್ಲಿ ಹೇಳಿದರು. "ಆಗುತ್ತೆ. ತುಂಬಾ ಆಗುತ್ತೆ." ಕಣ್ಣು ತುಂಬಿ ಬಂದಿತ್ತು.

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಪಾತ್ರೆಗೆ ಕೈ ಹಾಕಿ, ಇನ್ನೊಂದು ಹಿಡಿ ಅಕ್ಕಿ ತೆಗೆದು ಆ ಬಟ್ಟಲಿಗೇ ಸುರಿದಳು.

"ಇದು ಯಾರಿಗಮ್ಮ?" ನಾನು ಕೇಳಿದೆ.

"ಯಾರಿಗೆ ಅಂದ್ರೆ? ನಿಂಗೆ. ನನ್ನ ಮಗಳು ಅಷ್ಟು ದೂರ ಹೋಗಿ ಬರೀ ಕಂಡೋರ ಅಕ್ಕಿ ಉಣ್ಬೇಕಾ?"

ರೆಮಾ ನನ್ನನ್ನು ನೋಡಿದ. ಇಬ್ಬರು ಅಮ್ಮಂದಿರ ಎದುರಿಗೇ, ಕಣ್ಣು ತಪ್ಪಿಸದೆ, "ಪ್ರಶೀ" ಅಂದ.

ಅವತ್ತು ಊಟಕ್ಕೆ ಅನ್ನ ಸ್ವಲ್ಪ ಕಮ್ಮಿ ಬಿತ್ತು. ಯಾರೂ ಕೇಳಿ ಬಡಿಸಿಕೊಳ್ಳಲಿಲ್ಲ.