ಗಾಡಿಯ ಗಂಟಲಿನ ಉಣ್ಣೆ

ಜೋಳದ ರಾಶಿ ಮುಗಿದು ಹೊಲಗಳಲ್ಲಿ ಬರೀ ಕೂಳೆ ಉಳಿದ ದಿನಗಳು. ಚಪಳಗಾಂವದ ಹೊರಗೆ ಅಮೋಗಸಿದ್ಧನ ದೊಡ್ಡಿಯಲ್ಲಿ ಬೆಳಗಿನಿಂದ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ನಾಲ್ಕು ಆಳು ಸಾಲಾಗಿ ಕೂತು, ಕಾಲು ಕಟ್ಟಿ ಮಲಗಿಸಿದ ಕುರಿಗಳ ಮೈಮೇಲೆ ಕತ್ತರಿ ಆಡಿಸುತ್ತಿದ್ದರು. ಹಿಕ್ಕೆಯ, ಬೆವರಿನ, ಜಿಡ್ಡುಗಟ್ಟಿದ ಉಣ್ಣೆಯ ವಾಸನೆ ಬಿಸಿಲಿಗೆ ಕಾದು ಮೂಗಿಗೆ ಅಂಟುತ್ತಿತ್ತು. ಅವರ ಪಕ್ಕದಲ್ಲೇ, ತಗಡಿನ ಶೆಡ್ಡಿನ ಬಾಗಿಲಲ್ಲಿ, ಮನೆಯ ಅಳಿಯ ಯೋಗಿರಾಜ ನಟ್ಟು ಬಿಚ್ಚುವ ಪಾನಾ ಹಿಡಿದು ನಿಂತಿದ್ದ.

“ಅಳಿಯಂದ್ರ, ಕೈ ಮುಗದು ಹೇಳ್ತೀನಿ. ಆ ಗಾಡಿ ಚಾಲೂ ಮಾಡಬ್ಯಾಡ್ರಿ,” ಎಂದ ಅಮೋಗಸಿದ್ಧ. ಅವನ ಕೈಯ ಕತ್ತರಿ ನಿಂತಿತ್ತು. “ಅದು ಉಸಿರಾಡಿತಂದ್ರ ನನ್ನ ಮಗನ ಉಸಿರು ನಿಲ್ಲತದ. ವಳಸಂಗದ ಮಲ್ಲಯ್ಯ ಕಟ್ಟಿ ಹೋಗ್ಯಾನ.”

ಯೋಗಿರಾಜ ನಕ್ಕ. “ಮಾಮಾ, ಮಂತ್ರ ಹಾಕಿ ಗಾಡಿ ನಿಲ್ಲಸಾಕ ಬರ್ತದಂದ್ರ ಮಲ್ಲಯ್ಯನ್ನ ಪುಣೆಕ್ಕ ಕಳಸ್ರಿ. ಬ್ರೇಕ್ ಹತ್ತದ ಗಾಡಿ ಅಲ್ಲಿ ಭಾಳ ಬರ್ತಾವ.”

ಆಳುಗಳು ಕಿಸಕ್ಕನೆ ನಕ್ಕರು. ಉಣ್ಣೆಯ ಗುಡ್ಡೆಯೆದುರು ಕೂತು ಮುಳ್ಳು ಕಸ ಆರಿಸುತ್ತಿದ್ದ ಹಿರಾಬಾಯಿಯೂ ನಕ್ಕಳು. “ನಿಮ್ಮ ಅಳಿಯನ ಕೈಗೆ ತುರಿಕಿ ಅದ, ಅಮೋಗಣ್ಣ. ಒಂದು ಕತ್ರಿ ಕೊಡ್ರಿ, ನಾಕು ಕುರಿ ಬೋಳಸಲಿ. ತಣ್ಣಗ ಆಗ್ತಾನ.”

ಹಿರಾಬಾಯಿಯ ಗಂಡ ಗೊಲ್ಲಾಳಪ್ಪ, ಕುರಿ ಕಾಯುವವ, ರಸ್ತೆಯ ಮೇಲೆ ಸತ್ತು ಆರು ವರ್ಷವಾಗಿತ್ತು. ಯಾವುದೋ ಲಾರಿ ಹೊಡೆದು ಹೋಯಿತು ಎಂದು ಊರು ನಂಬಿತ್ತು. ಅವಳೂ ನಂಬಿದ್ದಳು, ಅಥವಾ ನಂಬಿದವಳಂತೆ ಇದ್ದಳು.

ಅಳಿಯನ ಕೈ ತುರಿಕೆಯ ಬಗ್ಗೆ ಅವಳು ಹೇಳಿದ್ದೇನೂ ಸುಳ್ಳಲ್ಲ. ಹದಿನೈದು ವರ್ಷ ಪುಣೆಯಲ್ಲಿ ಬೇರೆಯವರ ಟರ್ಬೊ ಗಾಡಿಗಳ ಹೊಟ್ಟೆಯೊಳಗೆ ಕೈ ಹಾಕಿದವನಿಗೆ, ಸಂಕ್ರಾಂತಿಯ ಹೊತ್ತಿಗೆ ಗ್ಯಾರೇಜು ಮುಚ್ಚಿ ಹೆಂಡತಿಯ ತವರಿಗೆ ಬಂದ ಮೇಲೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಊಟಕ್ಕೆ ಕೂತರೂ ಬೆರಳು ತಟ್ಟೆಯ ಅಂಚು ಬಡಿಯುತ್ತಿದ್ದವು. ಹೀಗಿರುವಾಗ ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತ ಗಾಡಿ ಕಣ್ಣಿಗೆ ಬಿತ್ತು. ಡೀಸೆಲ್ ಗಾಡಿ. ಇಂಜಿನ್ನಿಗೆ ಗಾಳಿ ಒತ್ತುವ ದೊಡ್ಡ ಟರ್ಬೊ ಕೂಡಿಸಿ, ದಪ್ಪ ಪೈಪು ಎಳೆದು, ಯಾರೋ ಆಸೆಪಟ್ಟು ಮಾಡಿಸಿದ್ದು.

ಮಾಡಿಸಿದವನು ಹೆಂಡತಿಯ ಅಣ್ಣ ಸ್ವಪ್ನಿಲ. ಈಗ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಬಿದ್ದಿರುತ್ತಿದ್ದ. ಮೂವತ್ತೆರಡರ ಗಂಡಸಿನ ಎದೆಯಲ್ಲಿ ಸದಾ ಒಂದು ಸಿಳ್ಳು. ಅರ್ಧ ಉಸಿರು ಒಳಗೆ, ಅರ್ಧ ಹೊರಗೆ. ಸೊಲ್ಲಾಪುರದ ಮೂರು ಡಾಕ್ಟರರೂ ಎದೆಯಲ್ಲಿ ದೋಷವಿಲ್ಲ ಎಂದಿದ್ದರು. ದೋಷವಿಲ್ಲವೆಂದರೆ ಹೆದರಿಕೆ, ಯೋಗಿರಾಜನ ಲೆಕ್ಕ ಅಷ್ಟೇ. ಗಾಡಿ ಚಾಲೂ ಆಗಲಿ, ತಾನು ಸಾಯಲಿಲ್ಲ ಎಂಬುದನ್ನು ಸ್ವಪ್ನಿಲ ಕಣ್ಣಾರೆ ನೋಡಲಿ. ಎದ್ದು ಕೂರುತ್ತಾನೆ. ಇದನ್ನು ಅವನು ಮನಸಾರೆ ನಂಬಿದ್ದ.

ಎಂಟು ದಿನದ ಕೆಲಸ ಇವತ್ತು ಕೊನೆಗೆ ಬಂದಿತ್ತು. ಅಂಟಿನಂತಾಗಿದ್ದ ಹಳೇ ಡೀಸೆಲ್ ಚೆಲ್ಲಿದ್ದ. ಇಲಿ ಕಡಿದ ವೈರುಗಳನ್ನು ಒಂದೊಂದಾಗಿ ಹುಡುಕಿ ಕೂಡಿಸಿದ್ದ. ಜಾಮಾದ ಬ್ರೇಕಿಗಾಗಿ ನಾಲ್ಕೂ ಚಕ್ರ ಬಿಚ್ಚಿ, ಗಾಡಿಯನ್ನು ಕಲ್ಲಿನ ಮೇಲೆ ನಿಲ್ಲಿಸಿದ್ದ. ಎಣ್ಣೆ, ಬ್ಯಾಟರಿ ಬದಲಿಸಿ, ಇಂಜಿನ್ನನ್ನು ಪಾನಾದಿಂದ ಕೈಯಲ್ಲೇ ತಿರುವಿ ನೋಡಿದ್ದ. ತಿರುಗಿತ್ತು.

ಶೆಡ್ಡಿನೊಳಗೆ ಹಗಲಿನಲ್ಲೂ ಕತ್ತಲು. ತಗಡಿನ ತೂತುಗಳಿಂದ ಬಿಸಿಲು ದಬ್ಬಣದಂತೆ ಇಳಿದಿತ್ತು. ಮುಂದಿನ ಬಂಪರು ಒರೆಸುವಾಗ ಬಟ್ಟೆಗೆ ಏನೋ ಸಿಕ್ಕಿತು. ತಗ್ಗು ಬಿದ್ದ ಜಾಗದಲ್ಲಿ ಕರೀ ಕಂಬಳಿಯ ಎಳೆಗಳು. ಚಹಾ ತಂದ ಹೆಂಡತಿ ಕಾಜಲಳಿಗೆ ಅದನ್ನು ತೋರಿಸಿದ.

“ಗೊಲ್ಲಾಳ ಕಾಕಾನ ಕಂಬಳಿ,” ಎಂದಳು, ಬಾಗಿಲ ಕಡೆ ನೋಡುತ್ತ. “ಲಾರಿ ಅಲ್ರಿ ಅದು. ನಮ್ಮ ಸ್ವಪ್ನಿಲ ದಾದಾ ಹೊಡದದ್ದು. ಕಾಕಾ ಎರಡು ತಾಸು ರಸ್ತೆ ಮ್ಯಾಲ ಗೊರಗೊರ ಅನ್ಕೋತ ಬಿದ್ದಿದ್ದ. ದಾದಾ ಹೆದರಿ ಗಾಡಿ ತಂದು ಇಲ್ಲಿ ನಿಲ್ಲಿಸಿದ.”

“ಮತ್ತ ಯಾರೂ ಕೇಳಲಿಲ್ಲೇನು?”

“ಕೇಳಿದ್ರು. ಪಂಚರ ಮುಂದ ಅಪ್ಪಾ ಬೀರೋಬ ದೇವರ ಅರಿಷಿಣ ಭಂಡಾರ ಎತ್ತಿ ಆಣಿ ಮಾಡಿದ, ನಮ್ಮ ಗಾಡಿ ಹೊರಗ ಹೋಗಿಲ್ಲ ಅಂತ. ಭಂಡಾರದ ಮ್ಯಾಲ ಯಾರ ಮಾತು ನಡೀತದ? ಮೂರನೇ ದಿನಕ್ಕ ದಾದಾನ ಉಸಿರು ಹಿಡೀತು. ಆವಾಗ ಮಲ್ಲಯ್ಯ ಬಂದು ಗಾಡಿಗೆ ಸಿಕ್ಕೊಂಡು ಬಂದಿದ್ದ ಕಾಕಾನ ಕಂಬಳಿ ಹರದು ಗಾಡಿ ಗಂಟಲಾಗ ತುಂಬಿದ. ಸತ್ತವನ ಉಸಿರು ಒಳಗ ಅದ, ಹೊರಗ ಬಿಟ್ರ ಇವನ್ನ ಒಯ್ತದ ಅಂದ.” ಅವಳು ಗಂಡನ ತೋಳು ಹಿಡಿದಳು. “ಬಿಡ್ರಿ ಇದನ್ನ.”

ಯೋಗಿರಾಜ ಚಹಾ ಒಂದೇ ಗುಟುಕಿಗೆ ಕುಡಿದು ಲೋಟ ಕೊಟ್ಟ. “ಸುಳ್ಳು ಆಣಿಯ ಕೊರಗು ಮನಿಮಂದಿ ಎದಿಯಾಗ ಕೂತದ. ಗಾಡಿಯಾಗ ಅಲ್ಲ.”

ಅವಳು ಹೋದ ಮೇಲೆ ಟರ್ಬೊಗೆ ಗಾಳಿ ಹೋಗುವ ಪೈಪು ಬಿಚ್ಚಿದ. ಒಳಗೆ ಕರೀ ಉಣ್ಣೆಯ ಉಂಡೆ. ಎಳೆದ. ಬಂತು. ಇನ್ನೂ ಬಂತು. ಆರು ವರ್ಷ ಒಣಗಿದ ಉಣ್ಣೆ ಒದ್ದೆಯಾಗಿತ್ತು. ಬೆಚ್ಚಗಿತ್ತು. ಅದರಿಂದ ತಂಬಾಕು ಜಗಿದ ಬಾಯಿಯ ವಾಸನೆ ಬರುತ್ತಿತ್ತು. ಇಲಿಯ ಗೂಡು ಎಂದುಕೊಂಡು ಮೂಲೆಗೆಸೆದ. ತೂತಿನೊಳಗೆ ಬೆರಳಿಟ್ಟು ಟರ್ಬೊದ ಪಂಖಾ ತಿರುವಿದ. ಅದು ನುಣ್ಣಗೆ ತಿರುಗಿತು. ತಿರುಗಿ ನಿಲ್ಲುವಾಗ ನಿಟ್ಟುಸಿರು ಬಿಟ್ಟಂತಾಯಿತು. ಹೊರಗೆ ಹೊರಸಿನ ಮೇಲೆ ಸ್ವಪ್ನಿಲ ಕೆಮ್ಮಿದ.

ಪಂಖಾ ನೋಡಬೇಕೆಂದು ಪೈಪು ಹಾಗೇ ಬಿಚ್ಚಿಟ್ಟು ಕೀಲಿ ತಿರುವಿದ. ಡೀಸೆಲ್ ಬಿಡದೆ, ಎಣ್ಣೆಯ ಕೆಂಪು ದೀಪ ಆರುವ ತನಕ ಬರೀ ತಿರುಗಿಸಿದ. ಟರ್ಬೊಗೆ ಎಣ್ಣೆ ಮುಟ್ಟಲಿ ಎಂದು. ಅವನ ಕೆಲಸದಲ್ಲಿ ಅವಸರವಿರಲಿಲ್ಲ. ಆಮೇಲೆ ಡೀಸೆಲ್ ಬಿಟ್ಟ. ನಾಲ್ಕನೇ ಸಲಕ್ಕೆ ಇಂಜಿನ್ನು ನಡುಗಿತು, ಬಿಳೀ ಹೊಗೆ ಕಾರಿತು, ಹಿಡಿಯಿತು.

“ನೋಡ್ರಿ ಮಾಮಾ!” ಅವನು ಬಾಗಿಲಿಗೆ ಓಡಿದ. “ನೋಡೋ ಸ್ವಪ್ನಿಲ! ಉಸಿರಾಡಾಕತ್ತೀಯೋ ಇಲ್ಲೋ?”

ಸ್ವಪ್ನಿಲ ಮೊಣಕೈ ಊರಿ ಎದ್ದ. ಎದೆಯ ಮೇಲೆ ಕೈಯಿಟ್ಟುಕೊಂಡ. ಮುಖದಲ್ಲಿ ನಗುವಿನಂಥದ್ದೇನೋ ಮೂಡಿತು. “ದಾಜಿ...” ಎಂದು ತಂಗಿಯ ಗಂಡನನ್ನು ಕರೆದ. ಮುಂದಿನ ಮಾತು ಬರಲಿಲ್ಲ.

ಶೆಡ್ಡಿನೊಳಗಿಂದ ಟರ್ಬೊದ ಸಿಳ್ಳು ಎದ್ದಿತು. ಸಣ್ಣಗೆ, ಆಮೇಲೆ ಉದ್ದಕ್ಕೆ, ತುದಿಯಲ್ಲಿ ಎರಡು ಸಲ ಮುರಿದು. ಯಾವ ಟರ್ಬೊವೂ ಹಾಗೆ ಕೂಗುವುದಿಲ್ಲ. ದೊಡ್ಡಿಯ ಕುರಿಗಳೆಲ್ಲ ಒಮ್ಮೆಗೇ ಶೆಡ್ಡಿನ ಕಡೆ ಮುಖ ತಿರುಗಿಸಿದವು. ಅರ್ಧ ಬೋಳಾದವು ಕಟ್ಟಿದ ಕಾಲಲ್ಲೇ ಏಳಲು ಒದ್ದಾಡಿದವು.

ಹಿರಾಬಾಯಿ ಎದ್ದು ನಿಂತಳು. ಮಡಿಲ ಉಣ್ಣೆ ಕೈಯಲ್ಲೇ ಇತ್ತು. “ಯವ್ವಾ! ಇದು ನಮ್ಮವರು ಕುರಿ ಕರಿಯೋ ಸಿಳ್ಳ.”

ಇಂಜಿನ್ನು ಏರತೊಡಗಿತು. ಯಾರೂ ಒತ್ತದೆ ಏರಿತು. ಯೋಗಿರಾಜ ಒಳಗೆ ಹಾರಿ ಕೀಲಿ ಕಿತ್ತ. ನಿಲ್ಲಲಿಲ್ಲ. ಅವನಿಗೆ ತಿಳಿಯಿತು. ಟರ್ಬೊದ ಒಣಗಿದ ಸೀಲು ಒಡೆದಿತ್ತು. ಇಂಜಿನ್ನು ತನ್ನ ಎಣ್ಣೆಯನ್ನೇ ಕುಡಿದು ಓಡುತ್ತಿತ್ತು. ಇದಕ್ಕೆ ಕೀಲಿ ಬೇಡ. ಡೀಸೆಲ್ ಬೇಡ. ಗಾಳಿ ಒಂದೇ ಸಾಕು. ಗೇರಿಗೆ ಹಾಕಿ ತಡೆಯೋಣವೆಂದರೆ ಚಕ್ರಗಳಿಲ್ಲ. ಉಳಿದದ್ದು ಒಂದೇ ದಾರಿ. ಅದರ ಗಂಟಲು ಮುಚ್ಚಬೇಕು.

ಅಂಗೈ ಒತ್ತಿದ. ಒಳಗೆ ಎಳೆಯಬೇಕಿದ್ದ ಗಾಳಿ ಹೊರಗೆ ಬಂತು. ಬೆಚ್ಚಗೆ. ತಂಬಾಕಿನ ವಾಸನೆ. ಅವನು ಚೀರಿ ಕೈ ಕಿತ್ತ.

ಹೊರಗೆ ಸ್ವಪ್ನಿಲನ ಕಣ್ಣು ಮೇಲೆ ಸಿಕ್ಕಿದ್ದವು. ತುಟಿ ನೀಲಿ. ಇಂಜಿನ್ನು ಏರಿದಂತೆ ಅವನ ಎದೆ ಇಳಿಯುತ್ತಿತ್ತು. ಹೊಗೆ ದೊಡ್ಡಿ ತುಂಬಿತು. ಹಿರಾಬಾಯಿ ಹೊಗೆಯಲ್ಲೇ ನಡೆದು ಬಂದು ಅಮೋಗಸಿದ್ಧನೆದುರು ನಿಂತಳು. ಸೊಂಟದ ಸಂಚಿ ಬಿಚ್ಚಿ ಅಂಗೈಯಲ್ಲಿ ಭಂಡಾರ ಹಿಡಿದಳು. ಹಳದಿ ಪುಡಿ ಗಾಳಿಗೆ ಅಲುಗಲಿಲ್ಲ.

“ಅಮೋಗಣ್ಣ. ಅವತ್ತ ಈ ಗಾಡಿ ಹೊರಗ ಹೋಗಿತ್ತೇನು? ಒಂದ ಮಾತು ಹೇಳು. ನನಗ ಮತ್ತೇನೂ ಬ್ಯಾಡ.”

“ಹೇಳಪ್ಪಾ!” ಕಾಜಲ ಅಣ್ಣನ ತಲೆ ಎತ್ತಿ ಹಿಡಿದು ಕೂಗಿದಳು. “ದಾದಾ ಹೊಂಟಾನ, ಹೇಳು!”

ಮುದುಕ ಮಗನನ್ನು ನೋಡಿದ. ಕತ್ತರಿ ಹಿಡಿದು ನಿಂತ ನಾಲ್ಕು ಆಳುಗಳನ್ನು ನೋಡಿದ. ನಾಲ್ಕು ಬಾಯಿ. ಪೊಲೀಸರು. ಜೈಲು. ಶೆಡ್ಡಿನಿಂದ ಓಡಿ ಬಂದ ಅಳಿಯನನ್ನು ನೋಡಿದ. ಯೋಗಿರಾಜನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಅವನು ಅದನ್ನು ನುಂಗಿದ. ಮೊದಲು ಇಂಜಿನ್ನು ನಿಲ್ಲಲಿ, ಮಾತು ಆಮೇಲೆ.

ಅಮೋಗಸಿದ್ಧ ಬೆರಳಿನಿಂದ ಭಂಡಾರ ಎತ್ತಿ ಹಣೆಗೆ ಹಚ್ಚಿಕೊಂಡ. “ಇಲ್ಲ, ತಂಗಿ. ಬೀರೋಬನ ಆಣಿ. ಲಾರಿನೇ ಹೊಡದದ್ದು.”

ಹಿರಾಬಾಯಿಯ ಇನ್ನೊಂದು ಕೈ ಸಡಿಲಾಯಿತು. ಉಣ್ಣೆ ಕೆಳಗೆ ಬಿತ್ತು. ಯೋಗಿರಾಜ ಅದನ್ನು ಬಾಚಿಕೊಂಡ. ಓಡಿದ. ಗಂಟಲಿಗೆ ತುರುಕಿದ. ಮುಷ್ಟಿಯಿಂದ ಗುದ್ದಿದ. ಇನ್ನೂ ತುರುಕಿದ. ಸಿಳ್ಳು ಉಗ್ಗಿತು. ಇಂಜಿನ್ನು ಕುಲುಕಿತು. ಒಮ್ಮೆ ಬಿಕ್ಕಿತು. ನಿಂತಿತು.

ಕುರಿಗಳೂ ಒದ್ದಾಟ ನಿಲ್ಲಿಸಿದವು.

“ನಿಂತಿತು! ಕಾಜಲ, ನಿಂತಿತು!” ಎನ್ನುತ್ತ ಅವನು ಹೊರಬಂದ.

ಕಾಜಲಳ ತೊಡೆಯ ಮೇಲೆ ಸ್ವಪ್ನಿಲ ಬಾಯಿ ತೆರೆದು ಮಲಗಿದ್ದ. ಬಾಯಿಯ ತುಂಬ ಉಣ್ಣೆ. ಆಗತಾನೇ ಕತ್ತರಿಸಿದ, ಮುಳ್ಳು ಸಿಕ್ಕ, ಜಿಡ್ಡಿನ ಉಣ್ಣೆ. ಯೋಗಿರಾಜ ಮಂಡಿಯೂರಿ ಎಳೆದ. ಬಂತು. ಎರಡೂ ಕೈಯಿಂದ ಎಳೆದ. ಇನ್ನೂ ಬಂತು. ಗಂಟಲ ಆಳದಿಂದ, ಎದೆಯಿಂದ, ಬರುತ್ತಲೇ ಇತ್ತು. ತನ್ನದೇ ಮುಷ್ಟಿ ಗುದ್ದಿ ಕೂರಿಸಿದಷ್ಟು ಬಿಗಿಯಾಗಿತ್ತು.

ಅಮೋಗಸಿದ್ಧ ಹೊರಸಿನ ಕಾಲು ಹಿಡಿದು ಕುಸಿದ. ಈಗ ಅವನ ಬಾಯಿಂದ ಮಾತು ಹೊರಟಿತು. “ನನ್ನ ಮಗನೇ ಹೊಡದಿದ್ದ, ತಂಗಿ. ನನ್ನ ಮಗನೇ...” ಎಂದು ಮತ್ತೆ ಮತ್ತೆ ಹೇಳಿದ.

ಹಿರಾಬಾಯಿ ಅಂಗೈಯಲ್ಲಿ ಉಳಿದ ಭಂಡಾರವನ್ನು ಸ್ವಪ್ನಿಲನ ಹಣೆಗೆ ಹಚ್ಚಿ ಎದ್ದಳು.

“ನಾ ಒಂದ ಮಾತು ಬೇಡಿದ್ದೆ, ಅಮೋಗಣ್ಣ,” ಎಂದಳು. “ನೀ ಮಗನ್ನ ಕೊಟ್ಟಿ.”