ಒಂದು ಖಾಲಿ ಸಾಲು

ಸೋಮವಾರ, ಹನ್ನೊಂದನೇ ತಾರೀಖು, ಬೆಳಿಗ್ಗೆ ಹತ್ತು ನಲವತ್ತಕ್ಕೆ ದೊಡ್ಡಾಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಠಾಣೆಗೆ ಬಂದರು. ಕೈಯಲ್ಲಿ ಎರಡು ಪುಟದ ದೂರು. ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದಳು. ಅರ್ಥವಾಗದ್ದನ್ನು ಅರ್ಥವಾದಂತೆ ತಲೆಯಾಡಿಸುವ ಅಭ್ಯಾಸ ಆಕೆಗಿರಲಿಲ್ಲ.

"ನನಗೆ ತಿಳಿಯೋ ಹಾಗೆ ಹೇಳಿ."

"ಪಿ.ಎಸ್. ಅಂತ ಒಂದು ಆಜ್ಞೆ ಇದೆ ಮೇಡಂ. ಕೊಟ್ಟರೆ ಯಂತ್ರದಲ್ಲಿ ಈಗ ಯಾವ್ಯಾವ ಕೆಲಸ ಓಡ್ತಿದೆ ಅಂತ ಪಟ್ಟಿ ಬರ್ಬೇಕು. ಶುಕ್ರವಾರದವರೆಗೆ ಬರ್ತಿತ್ತು. ಶನಿವಾರ ನೋಡಿದ್ರೆ ತಲೆಬರಹ ಮಾತ್ರ, ಕೆಳಗೆ ಬಟ್ಟಂಬಯಲು."

"ಕೆಟ್ಟಿರಬಹುದು," ಎಂದ ಪಕ್ಕದಲ್ಲಿ ನಿಂತಿದ್ದ ದಫೇದಾರ. "ರಿಪೇರಿಯವರನ್ನ ಕರೀರಿ."

"ನಾನೂ ಹಾಗೇ ಅಂದ್ಕೊಂಡೆ. ಯಂತ್ರ ಆರಿಸಿ ಹಚ್ಚಿದೆ. ಜಾಗ ತುಂಬಿದೆಯಾ ನೋಡಿದೆ, ತುಂಬಿಲ್ಲ. ಆಮೇಲೆ ಪಕ್ಕದ ಯಂತ್ರದ ಜೊತೆ ಹೋಲಿಸಿದೆ. ಅಲ್ಲಿ ಪಿ.ಎಸ್. ಗಾತ್ರ ಒಂದೂವರೆ ಲಕ್ಷ ಬೈಟಿನ ಹತ್ತಿರ ಇದೆ. ಇಲ್ಲಿ ಓಗೊಡ್ತಿರೋದು ಮುನ್ನೂರ ಹನ್ನೆರಡು ಬೈಟಿನದು. ಅಸಲಿ ಒಳಗೆ ಹಾಗೇ ಇದೆ. ಯಾರೋ ಅದರ ಮುಂದೆ ನಕಲಿ ಕೂರಿಸಿದ್ದಾರೆ. ಹೆಸರು ಕರೆದ ಕೂಡಲೇ ಬಾಗಿಲಲ್ಲಿ ಕೂತಿರೋ ನಕಲಿ ಉತ್ತರ ಕೊಡುತ್ತೆ."

"ಆ ಯಂತ್ರದಲ್ಲಿ ಏನಿದೆ?"

ಮುಖ್ಯಸ್ಥರು ದನಿ ತಗ್ಗಿಸಿದರು. "ಮೂತ್ರಪಿಂಡದ ಪಾಳಿ ಪಟ್ಟಿ. ದಾನಿಯ ಮೂತ್ರಪಿಂಡ ಬಂದಾಗ ಯಾರಿಗೆ ಮೊದಲು ಅಂತ ಹೇಳೋದು ಅದೇ."

ದಫೇದಾರ ಮತ್ತೆ ರಿಪೇರಿಯ ಮಾತೆತ್ತಲಿಲ್ಲ. ಹನ್ನೊಂದು ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಕಂಪ್ಯೂಟರ್ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕದಲ್ಲಿತ್ತು. ಗೋಡೆಯಾಚೆಯಿಂದ ಸೋಪಿನ ವಾಸನೆ, ಈಚೆಗೆ ಎ.ಸಿ.ಯ ಚಳಿ. ಔಷಧದಂಗಡಿಯವನನ್ನೂ ಲಿಫ್ಟ್ ನಡೆಸುವವನನ್ನೂ ಪಂಚರನ್ನಾಗಿ ಕೂರಿಸಿಕೊಂಡು ಪಂಚನಾಮೆ ಶುರುವಾಯಿತು. ಹೊರಗಿನಿಂದ ಬಂದ ತಜ್ಞೆ ಡಿಸ್ಕಿನ ನಕಲು ತೆಗೆದು, ನಕಲಿನ ಮೇಲಷ್ಟೇ ಕೈಯಾಡಿಸಿದಳು. ಮೂಲಕ್ಕೆ ಅರಗಿನ ಮೊಹರು ಬಿತ್ತು.

"ಪಟ್ಟಿ ಸುಳ್ಳು ಹೇಳ್ತಿದ್ರೆ, ಒಳಗೆ ಎಷ್ಟು ತಲೆ ಇವೆ ಅಂತ ನಾವೇ ಎಣಿಸೋಕಾಗುತ್ತಾ?" ಎಂದು ಇನ್ಸ್‌ಪೆಕ್ಟರ್ ಕೇಳಿದಳು.

"ಆಗುತ್ತೆ ಮೇಡಂ. ಓಡೋ ಪ್ರತಿ ಕೆಲಸಕ್ಕೂ ಯಂತ್ರ ಒಂದು ನಂಬರಿನ ಕೋಣೆ ಮಾಡಿಡುತ್ತೆ. ಮೊಹರು ಹಾಕೋ ಮೊದಲೇ ಎಣಿಸಿದ್ದೀನಿ. ನೂರ ನಲವತ್ತೆಂಟು. ಅಸಲಿ ಪಿ.ಎಸ್. ಓಡಿಸಿದಾಗಲೂ ಅಷ್ಟೇ ಬಂತು."

"ನಕಲಿ?"

ತಜ್ಞೆ ಪರದೆಯ ಮೇಲೆ ನಕಲಿಯನ್ನು ತೆರೆದಳು. ತಲೆಬರಹವನ್ನು ಹಾಗೇ ತೋರಿಸಿ, ಅದರ ಕೆಳಗೆ, ಒಂದು ಸಣ್ಣ ಕಡತದಲ್ಲಿ ಬರೆದಿಟ್ಟ ಪದಗಳಿರುವ ಸಾಲುಗಳನ್ನೆಲ್ಲ ಬಿಟ್ಟು ಮಿಕ್ಕಿದ್ದನ್ನು ತೋರಿಸುವುದಷ್ಟೇ ಅದರ ಕೆಲಸ. ಆ ಕಡತದಲ್ಲಿ ಇದ್ದದ್ದು ಎರಡು ಪದ. ಎರಡರ ಕೆಳಗೆ ಒಂದು ಖಾಲಿ ಸಾಲು.

"ಇದೇ ನೋಡಿ ಎಡವಟ್ಟು. ಖಾಲಿ ಸಾಲು ಅಂದ್ರೆ ಯಂತ್ರದ ಲೆಕ್ಕದಲ್ಲಿ 'ಎಲ್ಲದಕ್ಕೂ ಹೊಂದುತ್ತೆ' ಅಂತ. ಎರಡನ್ನ ಮುಚ್ಚೋಕೆ ಹೋಗಿ ನೂರ ನಲವತ್ತೆಂಟನ್ನೂ ಮುಚ್ಚಿಬಿಟ್ಟಿದ್ದಾರೆ."

"ಅಂದ್ರೆ, ಕಳ್ಳ ಸಿಕ್ಕಿಬಿದ್ದದ್ದು ಕದ್ದದ್ದಕ್ಕಲ್ಲ," ಎಂದ ದಫೇದಾರ, "ಚಿಲಕ ಒಂದು ಜಾಸ್ತಿ ಹಾಕಿದ್ದಕ್ಕೆ."

ಮುಚ್ಚಿಟ್ಟ ಎರಡು ಕೆಲಸಗಳಲ್ಲಿ ಮೊದಲನೆಯದು ಎರಡು ವರ್ಷ ಹಳೆಯದು, ಎರಡನೆಯದು ಶುಕ್ರವಾರ ಸಂಜೆ ನಾಲ್ಕು ಹನ್ನೆರಡರದು. ಯಂತ್ರ ಪ್ರತಿದಿನ ಬೆಳಿಗ್ಗೆ ಆರಕ್ಕೆ ನೋಂದಣಿ ತಾರೀಖಿನಿಂದ ಎಲ್ಲರ ಕಾಯುವಿಕೆಯ ದಿನಗಳನ್ನು ಹೊಸದಾಗಿ ಎಣಿಸುತ್ತಿತ್ತು. ಆರೂ ಐದಕ್ಕೆ ಮೊದಲನೆಯ ಕೆಲಸ ಎದ್ದು ಒಬ್ಬರ ಖಾತೆಗೆ ಸಾವಿರದ ನೂರ ಮೂವತ್ತೊಂದು ದಿನ ಸೇರಿಸುತ್ತಿತ್ತು. ಎರಡನೆಯದು ಇನ್ನೊಬ್ಬರಿಗೆ ಸಾವಿರದ ನೂರ ಇಪ್ಪತ್ತೆಂಟು.

ಆ ಎರಡು ಅಂಕಿಗಳನ್ನು ಇನ್ಸ್‌ಪೆಕ್ಟರ್ ಡೈರಿಯಲ್ಲಿ ಬರೆದುಕೊಂಡು ಸ್ವಲ್ಪ ಹೊತ್ತು ನೋಡಿದಳು.

"ದುಂಡಗಿಲ್ಲ," ಎಂದಳು. "ಲಂಚ ತಿಂದು ಸೇರಿಸೋರು ಸಾವಿರ ಅಂತ ಹಾಕ್ತಾರೆ. ಇದು ಯಾರೋ ಲೆಕ್ಕ ಮಾಡಿ ಹಾಕಿರೋದು."

ಯಂತ್ರದ ಪೂರ್ಣ ಅಧಿಕಾರದ ಗುಪ್ತಪದ ಮೂವರಿಗೆ ಗೊತ್ತಿತ್ತು. ಶುಕ್ರವಾರ ನಾಲ್ಕು ಗಂಟೆಗೆ ಮುಖ್ಯಸ್ಥರು ಮೇಲಿನ ಮಹಡಿಯ ಸಭೆಯಲ್ಲಿದ್ದರು. ನಡಾವಳಿಯಲ್ಲಿ ಸಹಿ ಇತ್ತು. ನಿರ್ವಹಣೆಯ ಎಂಜಿನಿಯರ್ ಬಾಣಂತನಕ್ಕೆ ತವರಿಗೆ ಹೋಗಿ ತಿಂಗಳಾಗಿತ್ತು. ಮೂರನೆಯವನು ವಿಭಾಗದ ಹಿರಿಯ ಆಪರೇಟರ್. ಆಸ್ಪತ್ರೆಯ ಅರ್ಧ ಜನಕ್ಕೆ ಕಂಪ್ಯೂಟರ್ ಕಲಿಸಿದವನಾದ್ದರಿಂದ ಎಲ್ಲರ ಬಾಯಲ್ಲೂ ಆತ ಮೇಷ್ಟ್ರು. ಬೆಳಗಿನ ಹೊತ್ತು ನೋಂದಣಿ ಕೌಂಟರಿನಲ್ಲಿ, ಮಧ್ಯಾಹ್ನದ ಮೇಲೆ ನೆಲಮಾಳಿಗೆಯಲ್ಲಿ.

ಆತನನ್ನು ಮುಟ್ಟುವ ಮೊದಲು ಇನ್ಸ್‌ಪೆಕ್ಟರ್ ಮೊದಲನೆಯ ಕೆಲಸದ ಫಲಾನುಭವಿಯನ್ನು ನೋಡಬಯಸಿದಳು. ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಡಯಾಲಿಸಿಸ್ ಕೋಣೆಯ ನಾಲ್ಕನೇ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಹಾಸಿಗೆಯ ಮೇಲಿದ್ದವಳು ಹೊಲಿಗೆ ಕೆಲಸದವಳು. ಒಂದು ಕೈಗೆ ನಳಿಕೆ ಚುಚ್ಚಿತ್ತು. ಇನ್ನೊಂದು ಕೈ ಎದೆಯ ಮೇಲಿದ್ದ ರವಿಕೆಗೆ ಗುಂಡಿ ಹಚ್ಚಲು ಹವಣಿಸುತ್ತಿತ್ತು.

"ಕಂಪ್ಯೂಟರ್ ಮೇಷ್ಟ್ರು ಗೊತ್ತಾ?"

"ಅಣ್ಣ ತಾನೆ? ಗೊತ್ತು."

"ನಿಮ್ಮ ಸ್ವಂತ ಅಣ್ಣನಾ?"

"ಅಯ್ಯೋ, ಒಡಹುಟ್ಟಿದವರಲ್ಲ. ಕೌಂಟರಿನ ಅಣ್ಣ. ಚೀಟಿ ಕೊಡುವಾಗ ಊಟ ಆಯ್ತಾ ಅಂತ ಕೇಳ್ತಾರೆ. ಇಲ್ಲಿ ಹಾಗೆ ಕೇಳೋರು ಯಾರಿದ್ದಾರೆ?"

"ಅವರಿಗೇನಾದ್ರೂ ಕೊಟ್ಟಿದ್ರಾ?"

"ಒಂದು ಸಲ ಪ್ಯಾಂಟಿನ ಅಂಚು ಹೊಲಿದುಕೊಡ್ತೀನಿ ಅಂದೆ. ಬೇಡ ಅಂದ್ರು. ಮುಖ ಕೊಟ್ಟು ಮಾತಾಡೋದು ಕಮ್ಮಿ ಅವರು."

"ನೋಂದಣಿ ಕಾರ್ಡ್ ಇದೆಯಾ?"

ದಿಂಬಿನ ಕೆಳಗಿನ ಪರ್ಸಿನಿಂದ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ಕಾರ್ಡು ಬಂತು. ಅದರ ಮೇಲಿನ ತಾರೀಖಿಗೂ ಯಂತ್ರದಲ್ಲಿದ್ದ ತಾರೀಖಿಗೂ ನಡುವೆ ಎಷ್ಟು ದಿನ ಎಂದು ದಫೇದಾರ ಕಿಟಕಿಯ ಹತ್ತಿರ ನಿಂತು ಎಣಿಸಿದ. ಸಾವಿರದ ನೂರ ಮೂವತ್ತೊಂದು.

"ಇವಳ ಪಾಳಿ ಇವಳಿಗೇ ಕೊಟ್ಟಿದ್ದಾನೆ," ಎಂದ ಹೊರಗೆ ಬಂದ ಮೇಲೆ. "ಇದಕ್ಕೆ ಕಳ್ಳತನ ಯಾಕೆ ಬೇಕಿತ್ತು ಮೇಡಂ?"

"ತಪ್ಪು ತಾರೀಖು ಹಾಕಿದ್ದು ಯಾರು ಅಂತ ನೋಡೋಣ. ಕಾಗದದ ಹಳೇ ರಿಜಿಸ್ಟರ್ ತರಿಸಿ."

ಮೂರು ವರ್ಷದ ಹಿಂದೆ ಪುಸ್ತಕದಲ್ಲಿದ್ದ ಹೆಸರುಗಳನ್ನು ಯಂತ್ರಕ್ಕೆ ಏರಿಸಿದ್ದು ಮೇಷ್ಟ್ರೇ. ನಲವತ್ತೇಳನೇ ಪುಟದಲ್ಲಿ ಹನ್ನೊಂದು ಹೆಸರಿದ್ದವು. ಹೊಲಿಗೆಯವಳದು ಏಳನೇ ಸಾಲು. ಶುಕ್ರವಾರದ ಎರಡನೇ ಕೆಲಸ ಯಾರಿಗಾಗಿತ್ತೋ ಆ ನಿವೃತ್ತ ಬಸ್ ಕಂಡಕ್ಟರ್ ಒಂಬತ್ತನೇ ಸಾಲು. ಯಂತ್ರದಲ್ಲಿ ಈ ಒಂದು ಪುಟದ ಹನ್ನೊಂದಕ್ಕೂ ಒಂದೇ ತಾರೀಖು, ಅಂದರೆ ಏರಿಸಿದ ದಿನದ ತಾರೀಖು, ಕೂತಿತ್ತು. ಪಾಳಿಯ ಪಟ್ಟಿ ವೈದ್ಯರ ಸಮಿತಿಗೆ ಹೋಗುವಾಗ ಅದರಲ್ಲಿ ದಿನಗಳ ಮೊತ್ತವಿರುತ್ತಿತ್ತೇ ಹೊರತು ತಾರೀಖು ಇರುತ್ತಿರಲಿಲ್ಲ. ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ದಫೇದಾರ ರಿಜಿಸ್ಟರನ್ನು ತನ್ನತ್ತ ತಿರುಗಿಸಿಕೊಂಡ. ಹನ್ನೊಂದು ಹೆಸರಿನ ಮೇಲೂ ನಿಧಾನವಾಗಿ ಬೆರಳಾಡಿಸಿ ವಾಪಸ್ ಇಟ್ಟ.

"ಏನು ಹುಡುಕಿದ್ರಿ?"

"ನನ್ನ ಷಡ್ಡಕ ಈ ಪಟ್ಟೀಲಿ ನಾಲ್ಕು ವರ್ಷ ಇದ್ದ ಮೇಡಂ. ಹೋದ ವರ್ಷ ತೀರಿಕೊಂಡ. ಈ ಪುಟದಲ್ಲಿ ಇಲ್ಲ."

ಆತ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ. ಸಂಜೆಯವರೆಗೆ ಇಬ್ಬರೂ ಕೂತು ಹನ್ನೊಂದು ಮನೆಗಳಿಗೂ ಫೋನ್ ಮಾಡಿದರು.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಮೇಷ್ಟ್ರ ಮೇಜಿನ ಶೋಧ ನಡೆಯಿತು. ಕೆಳಗಿನ ಖಾನೆಯಲ್ಲಿ ಒಂದು ರಟ್ಟಿನ ಫೈಲು. ಫೈಲಿನಲ್ಲಿ ಹದಿನಾಲ್ಕು ಅರ್ಜಿಗಳು. ಎಲ್ಲವೂ ಮುಖ್ಯಸ್ಥರಿಗೆ ಬರೆದವು, ಎಲ್ಲದರ ಮೊದಲ ವಾಕ್ಯವೂ "ನನ್ನಿಂದ ಒಂದು ಪ್ರಮಾದವಾಗಿದೆ" ಎಂದೇ. ಒಂದಕ್ಕೂ ಸಹಿ ಇರಲಿಲ್ಲ. ಮೇಷ್ಟ್ರು ಗೋಡೆಗೆ ಒರಗಿ ನಿಂತು, ಪಂಚನಾಮೆಯಲ್ಲಿ ಅವುಗಳ ಸಂಖ್ಯೆ ಬರೆಯುವುದನ್ನು ನೋಡುತ್ತಿದ್ದ. ಐವತ್ತು ದಾಟಿದ ವಯಸ್ಸು, ಇಸ್ತ್ರಿಯ ಗೆರೆ ಮುರಿಯದ ಅಂಗಿ.

ಠಾಣೆಯಲ್ಲಿ ಆತ ಯಾವ ಪ್ರಶ್ನೆಗೂ ಸುತ್ತು ಬಳಸಲಿಲ್ಲ.

"ತಪ್ಪಾಗಿದೆ ಅಂತ ಯಾವಾಗ ಗೊತ್ತಾಯ್ತು?"

"ಏರಿಸಿದ ಎಂಟು ತಿಂಗಳಿಗೆ. ಆ ಹೊಲಿಗೆ ತಂಗಿ ಕೌಂಟರಿಗೆ ಕಾರ್ಡು ಚಾಚಿದ್ಲು. ತಾರೀಖು ನೋಡಿದೆ."

"ಆಗಲೇ ಹೇಳ್ಬಹುದಿತ್ತಲ್ಲ?"

"ಅಷ್ಟರಲ್ಲಿ ಆ ಪಟ್ಟಿ ನೋಡಿ ಐದು ಜನಕ್ಕೆ ಮೂತ್ರಪಿಂಡ ಕೊಟ್ಟಾಗಿತ್ತು ಮೇಡಂ. ಯಾರ ಪಾಳಿ ಯಾರಿಗೆ ಹೋಯ್ತೋ. ಬಾಯಿ ಬಿಟ್ರೆ ಅದೆಲ್ಲ ಬರುತ್ತೆ. ದಿನಾ ನಾಳೆ ಹೇಳೋಣ ಅಂದ್ಕೊಂಡೆ."

"ತಾರೀಖನ್ನೇ ತಿದ್ದಬಹುದಿತ್ತು."

"ತಾರೀಖು ತಿದ್ದಿದ್ರೆ ಸಮಿತಿಗೆ ತಾನಾಗೇ ಸೂಚನೆ ಹೋಗುತ್ತೆ. ಅದಕ್ಕೆ ಈ ದಾರಿ."

"ಹನ್ನೊಂದರಲ್ಲಿ ಮೊದಲು ಒಂದನ್ನೇ ಯಾಕೆ ಸರಿ ಮಾಡಿದ್ರಿ?"

ಆತ ಅಂಗೈ ನೋಡಿಕೊಂಡ. "ಹನ್ನೊಂದು ಜನ ಒಂದೇ ದಿನ ಮೇಲೆ ಬಂದ್ರೆ ಸಮಿತಿಗೆ ಅನುಮಾನ ಬರುತ್ತೆ. ಒಬ್ಬೊಬ್ಬರನ್ನೇ ತರೋಣ ಅಂತಿದ್ದೆ. ಆಕೆ ವಾರಕ್ಕೆ ಮೂರು ಸಲ ನನ್ನೆದುರು ನಿಲ್ತಿದ್ಲು. ಅಣ್ಣ ಅಂತಿದ್ಲು."

"ಕಂಡಕ್ಟರ್?"

"ಗುರುವಾರ ಅವರ ಹೆಂಡತಿ ಬಂದು ಕೌಂಟರಿನ ಮುಂದೆ ಬೆಂಚಿನ ಮೇಲೆ ಕೂತ್ರು. ಏನೂ ಕೇಳ್ಲಿಲ್ಲ. ಊಟದ ಹೊತ್ತಿನವರೆಗೂ ಸುಮ್ನೆ ಕೂತಿದ್ದು ಎದ್ದುಹೋದ್ರು. ಶುಕ್ರವಾರ ಅವಸರದಲ್ಲಿ ಅವರದ್ದನ್ನೂ ಆ ಕಡತಕ್ಕೆ ಸೇರಿಸಿದೆ. ಆ ಖಾಲಿ ಸಾಲು ಹಾಗೇ ಬಿದ್ದುಹೋಯ್ತು."

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ದಸ್ತಗಿರಿ ಪತ್ರಕ್ಕೆ ಆತ ಸಹಿ ಹಾಕಿದ. ಹೆಂಡತಿಗೆ ವಿಷಯ ಮುಟ್ಟಿಸಲಾಯಿತು. ಆರೋಪಪಟ್ಟಿಯ ಕರಡಿನಲ್ಲಿ ಉದ್ದೇಶ ಎಂಬ ಕಡೆ ಇನ್ಸ್‌ಪೆಕ್ಟರ್ "ಹಣದ ಲಾಭ ಕಂಡುಬಂದಿಲ್ಲ, ತನ್ನ ಪ್ರಮಾದ ಹೊರಬೀಳುವ ಭಯ" ಎಂದು ಬರೆದಳು. ಅದು ಸತ್ಯವೇ ಆಗಿತ್ತು, ಪೂರ್ತಿ ಅನ್ನಿಸಲಿಲ್ಲ. ಸೇರಿಸಲು ಕಾನೂನಿನ ಭಾಷೆಯಲ್ಲಿ ಬೇರೆ ಪದ ಆಕೆಗೆ ಹೊಳೆಯಲೂ ಇಲ್ಲ.

ದಫೇದಾರ ಲಾಕಪ್ಪಿನ ಬೀಗ ತೆಗೆಯುತ್ತಿದ್ದಾಗ ಮೇಷ್ಟ್ರು ತಿರುಗಿ ನಿಂತ.

"ಒಂದು ಕೇಳ್ಲಾ ಮೇಡಂ? ತಾರೀಖೆಲ್ಲ ಸರಿ ಮಾಡಿದ್ರಾ?"

"ಸಮಿತಿ ಬೆಳಿಗ್ಗೆನೇ ಸೇರಿತ್ತು. ಒಂಬತ್ತು ಜನರದ್ದೂ ಸರಿ ಮಾಡಿದ್ದಾರೆ."

"ಹತ್ತಲ್ವಾ? ತೀರಿಕೊಂಡಿದ್ದು ಒಬ್ಬರೇ. ಐದನೇ ಸಾಲಿನವರು, ಹೋದ ವರ್ಷ."

"ಮೂರನೇ ಸಾಲಿನವರೂ ಹೋಗಿದ್ದಾರೆ. ನಾಲ್ಕು ತಿಂಗಳಾಯ್ತು. ಮಗಳ ಮನೇಲಿ. ಆಸ್ಪತ್ರೆಗೆ ಯಾರೂ ತಿಳಿಸಿರಲಿಲ್ಲ. ನಿನ್ನೆ ಫೋನ್ ಮಾಡಿದಾಗ ಗೊತ್ತಾಯ್ತು."

ಮೇಷ್ಟ್ರು ಸರಳು ಹಿಡಿದುಕೊಂಡ. ಆ ಹೆಸರಿಗೊಂದು ಮುಖ ಹುಡುಕುತ್ತಿದ್ದ ಹಾಗಿತ್ತು.

"ಅವರು ಕೌಂಟರಿಗೆ ಬರ್ತಾ ಇರ್ಲಿಲ್ಲ," ಎಂದ.