ಆರು ಮೀಟರ್ ಕೆಳಗಿನ ನೀರು

1986ರ ಏಪ್ರಿಲ್ 15, ಮಂಗಳವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ನಾರಾಯಣಗೂಡದ ಠಾಣೆಗೆ ಇಬ್ಬರು ದೂರು ಹಿಡಿದು ಬಂದರು. ಒಬ್ಬ ಗುತ್ತಿಗೆದಾರ ಹನುಮಂತ. ಇನ್ನೊಬ್ಬರು ನಗರದ ನೀರಿನ ಕಚೇರಿಯ ಎಂಜಿನಿಯರ್ ನರಹರಿ ರಾವ್. ಇನ್‌ಸ್ಪೆಕ್ಟರ್ ವೈಜನಾಥ ಕುರ್ಚಿ ತೋರಿಸಿದರು. ಬೇಸಿಗೆಯ ಆ ದಿನಗಳಲ್ಲಿ ಬೆಳಿಗ್ಗೆಯೇ ಕಣ್ಣಿಗೆ ಮಂಪರು ಕವಿಯುತ್ತಿತ್ತು. ಎದುರಿನವರ ಮಾತು ಎಲ್ಲೋ ದೂರದಿಂದ ತೇಲಿ ಬಂದಂತೆ ಕೇಳುತ್ತಿತ್ತು.

"ಏನು ಕಳುವಾಗೇತಿ?"

"ಕಳುವಾಗಿಲ್ರಿ ಸಾಹೇಬ್ರ," ಹುಮನಾಬಾದ್ ಕಡೆಯ ಹನುಮಂತ ಕನ್ನಡದಲ್ಲೇ ಹೇಳಿದ. "ನನ್ನ ಕೆಲಸಾನ ಯಾರೋ ಮಾಡಿ ಮುಗಿಸ್ಯಾರ."

ವೈಜನಾಥರ ಮಂಪರು ಅರ್ಧ ಹರಿಯಿತು.

ವಿಷಯ ಇಷ್ಟು. ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ಹನ್ನೊಂದು ವರ್ಷದಿಂದ ಬತ್ತಿದ ಸರ್ಕಾರಿ ಬಾವಿ ಒಂದಿತ್ತು. ಅದರ ಹೂಳು ತೆಗೆದು, ತಳದಲ್ಲಿದ್ದ ಬೋರು ಸ್ವಚ್ಛ ಮಾಡಿ, ಪಂಪು ಕೂಡಿಸುವ ಕೆಲಸಕ್ಕೆ ಜನವರಿಯಲ್ಲಿ ಟೆಂಡರು ತೆರೆದು ಹನುಮಂತನಿಗೆ ಗುತ್ತಿಗೆ ಕೊಟ್ಟಿದ್ದರು. ಹಿಂದಿನ ದಿನ ಅವನು ಆಳುಗಳ ಸಮೇತ ಹೋದರೆ ಬಾವಿಯಲ್ಲಿ ಹೂಳಿಲ್ಲ, ಹೊಸ ಪಂಪು ಓಡುತ್ತಿದೆ, ನಳದ ಮುಂದೆ ಹೆಂಗಸರು ಬಟ್ಟೆ ಒಗೆಯುತ್ತಿದ್ದಾರೆ.

"ಪೈಪು, ಪಂಪು ನಮ್ಮ ಉಗ್ರಾಣದಿಂದಲೇ ಹೋಗಿವೆ," ಎಂದು ನರಹರಿ ರಾವ್ ತೆಲುಗಿನಲ್ಲಿ ಹೇಳಿದರು. "ನನ್ನ ಸಹಿಯನ್ನು ಯಾರೋ ನಕಲು ಮಾಡಿದ್ದಾರೆ. ನಾಳೆಯೇ ಆ ಬೋರು ಮುಚ್ಚಿಸಬೇಕು."

"ನೀರು ಬರೋ ಬೋರು ಮುಚ್ಚೋದ್ಯಾಕೆ?" ವೈಜನಾಥರು ತೆಲುಗಿನಲ್ಲೇ ಕೇಳಿದರು.

"ಅದು ಅನಧಿಕೃತ."

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು: ಖೊಟ್ಟಿ ದಾಖಲೆ, ವಂಚನೆ, ದಂಡ ಸಂಹಿತೆಯ 420, 468, 471ನೇ ಕಲಮುಗಳು. ಆರೋಪಿಯ ಹೆಸರಿನ ಮುಂದೆ 'ಗೊತ್ತಿಲ್ಲ' ಎಂದು ಬರೆದರು.

ಮಧ್ಯಾಹ್ನ ಹನ್ನೆರಡೂವರೆಗೆ ಹೆಡ್ ಕಾನ್‌ಸ್ಟೇಬಲ್ ಬಂಡೆಪ್ಪನನ್ನು ಕರೆದುಕೊಂಡು ವೈಜನಾಥರು ಸ್ಥಳ ಪಂಚನಾಮೆಗೆ ಹೋದರು. ಗಲ್ಲಿಯ ತುಂಬ ಬೇವಿನ ಹೂವು ಉದುರಿತ್ತು. ಬಾವಿಯ ಬಾಯಿಂದ ಹಸಿ ಮಣ್ಣಿನ ತಂಪು ವಾಸನೆ ಏಳುತ್ತಿತ್ತು. ಅವರು ಬಗ್ಗಿ ನೋಡಿದರು. ಕೆಳಗೆ ಕಪ್ಪು ಕಲ್ಲಿನ ನಡುವೆ ನೀರು ಮಿಣುಗುತ್ತ ಅಲುಗುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ, ಬಂಡೆಪ್ಪ ಮೆಲ್ಲಗೆ ಕೆಮ್ಮಿದ.

ಪಂಚನಾಮೆಗೆ ಸಾಕ್ಷಿಯಾಗಿ ಬಂದವರಲ್ಲಿ ಒಬ್ಬರು ಎದುರು ಮನೆಯ ಗಿರಿಜಾಬಾಯಿ. ಎಪ್ಪತ್ತು ದಾಟಿದ ಜೀವ.

"ಕೆಲಸ ಮಾಡಿದವರನ್ನ ನೋಡೀರೇನು?"

"ನೋಡದ ಏನಪಾ? ಆರೇಳು ಮಂದಿ. ನಸುಕಿನಾಗ ಬರ್ತಿದ್ರು, ಬಿಸಿಲೇರೂತನಕ ಕೆಳಗ ಟಣ್ ಟಣ್ ಅಂತ ಕಲ್ಲು ಕೊರೀತಿದ್ರು. ಹತ್ತೊಂಬತ್ತು ದಿನ. ನಾ ಹಾಸಿಗಿ ಮ್ಯಾಲೆ ಮಲಕೊಂಡು ಕೇಳ್ತಿದ್ದೆ. ಕನಸಿನಾಗ ಯಾರೋ ಬಾಗಿಲಾ ಬಡದಂಗ ಆಗ್ತಿತ್ತು."

"ಯಾರು ಕಳಿಸಿದ್ರು ಅಂತ ಕೇಳಲಿಲ್ಲೇನು?"

"ಹನ್ನೊಂದು ವರ್ಷಕ್ಕ ನೀರು ಬರಾಕತ್ತೈತಿ. ಯಾಕ ಬಂದಿ ಅಂತ ಕೇಳಲೇನು?"

ಆಕೆಯ ಹಿಂದೆ ಸೊಸೆ ಶಿವದೇವಿ ಕೊಡ ತುಂಬಿಸುತ್ತಿದ್ದಳು. ಅವಳು ತಲೆಯೆತ್ತಲಿಲ್ಲ.

ಉಗ್ರಾಣದಲ್ಲಿ ಮಾರ್ಚ್ 19ರ ಬೇಡಿಕೆ ಪತ್ರ ಸಿಕ್ಕಿತು. ಸಾಮಾನು ಒಯ್ದವನು ಅಮೃತಪ್ಪ, ಬಾವಿ ತೋಡುವವನು, ಪಟಾನ್‌ಚೆರು ಹತ್ತಿರದ ವಿಳಾಸ. ಮರುದಿನ ಒಂಬತ್ತು ಗಂಟೆಗೆ ಜೀಪು ಆ ದಾರಿ ಹಿಡಿಯಿತು. ಕಾರ್ಖಾನೆಯ ಪಾಳಿ ಬಸ್ಸುಗಳು ಎದುರು ಬರುತ್ತಿದ್ದವು. ಬಿಸಿಲಿನ ಅಲೆಯಲ್ಲಿ ಅವು ನೆಲ ಬಿಟ್ಟು ತೇಲುವಂತೆ ಕಂಡವು.

ಅಮೃತಪ್ಪ ಓಡಿಹೋಗುವ ಮನುಷ್ಯನಲ್ಲ. ಹಗ್ಗದ ಮಂಚ ಹಾಸಿ, ಟ್ರಂಕಿನಿಂದ ಕಾಗದ ತೆಗೆದು ಕೊಟ್ಟ. ಕೆಲಸದ ಆದೇಶ, ನರಹರಿ ರಾವ್ ಸಹಿ, ಜೊತೆಗೊಂದು ನಕಾಶೆ.

"ಇದನ್ನ ಯಾರು ಕೊಟ್ರು?"

"ಟಪಾಲಿನಾಗ ಬಂತ್ರಿ. ಎರಡು ವರ್ಷದ ಹಿಂದ ಆ ಕಚೇರಿಗೆ ಕೆಲಸ ಕೇಳಾಕ ಹೋಗಿದ್ದೆ. ಹೆಸರು ಬರಕೊಂಡಿದ್ರು. ಅದಕ್ಕ ಕರದಾರ ಅನ್ಕೊಂಡೆ."

"ಕೂಲಿ?"

"ವಾರಾ ವಾರಾ ಮನಿಯಾರ್ಡರ್ ಬಂತ್ರಿ. ಸರ್ಕಾರಿ ಕೆಲಸದಾಗ ಶನಿವಾರಕ್ಕ ಕೂಲಿ ಸಿಕ್ಕಿದ್ದು ನಾ ಅದ ಮೊದಲು ಕಂಡದ್ದು." ಅವನ ಮುಖ ಸಣ್ಣದಾಯಿತು. "ತಪ್ಪಾತೇನ್ರಿ ಸಾಹೇಬ್ರ?"

ವೈಜನಾಥರು ಹನುಮಂತ ಕೊಟ್ಟಿದ್ದ ಗುತ್ತಿಗೆಯ ನಕಾಶೆಯನ್ನು ಇದರ ಪಕ್ಕಕ್ಕಿಟ್ಟರು. ಅದೇ ಬಾವಿ, ಅದೇ ಗೆರೆ, ಅದೇ ಅಚ್ಚುಕಟ್ಟು ಅಕ್ಷರ. ಬೋರಿನ ಆಳ ಮಾತ್ರ ಬೇರೆ. ಗುತ್ತಿಗೆಯಲ್ಲಿ ಇಪ್ಪತ್ತೊಂದು ಮೀಟರ್. ಅಮೃತಪ್ಪನ ಕಾಗದದಲ್ಲಿ ಇಪ್ಪತ್ತೇಳು. ಮತ್ತು ಆ ಇಂಗ್ಲಿಷ್ ಏಳರ ನಡುವಿಗೆ ಒಂದು ಪುಟ್ಟ ಅಡ್ಡಗೆರೆ.

"ಬಂಡೆಪ್ಪಾ, ಏಳಕ್ಕ ಯಾರರೆ ಹಿಂಗ ಗೆರಿ ಹಾಕ್ತಾರೇನು?"

"ಒಂದು ಅಂತ ಯಾರೂ ತಪ್ಪು ಓದಬಾರದು ಅನ್ನೋರು ಹಾಕ್ತಾರ್ರಿ," ಎಂದ ಬಂಡೆಪ್ಪ.

ಏಪ್ರಿಲ್ 17, ಗುರುವಾರ, ಮಧ್ಯಾಹ್ನ ಎರಡು ಗಂಟೆ. ನೀರಿನ ಕಚೇರಿಯ ನಕಾಶೆ ಕೋಣೆಯಲ್ಲಿ ಕಿಟಕಿಗಳಿಗೆ ಒದ್ದೆ ಲಾವಂಚದ ತಟ್ಟಿ ಇಳಿಬಿಟ್ಟಿದ್ದರು. ಬೆಳಕು ಹಸಿರಾಗಿ, ನೀರಿನೊಳಗೆ ಕೂತಂತಿತ್ತು. ವೈಜನಾಥರು ಆ ವರ್ಷದ ನಕಾಶೆಗಳನ್ನು ಒಂದೊಂದಾಗಿ ತಿರುವಿದರು. ಜನವರಿ 22ರವರೆಗೆ ಎಲ್ಲ ಏಳುಗಳೂ ಬೋಳು. ಜನವರಿ 23ರಿಂದ ಪ್ರತಿಯೊಂದು ಏಳಕ್ಕೂ ಅಡ್ಡಗೆರೆ. ಎಲ್ಲದರ ಕೆಳಮೂಲೆಯಲ್ಲಿ ಒಂದೇ ಹೆಸರು: ಸುಭದ್ರಾ, ನಕಾಶೆಯ ಪ್ರತಿ ತೆಗೆಯುವ ಉದ್ಯೋಗಿ.

ಕೋಣೆಯ ತುದಿಯ ಮೇಜಿನಲ್ಲಿ ಐವತ್ತರ ಹತ್ತಿರದ ಹೆಂಗಸು ಪೆನ್ನು ಒರೆಸುತ್ತ ಕೂತಿದ್ದಳು. ಇವರು ಬಂದಾಗಿನಿಂದ ಅವಳು ಒಂದೂ ಗೆರೆ ಎಳೆದಿರಲಿಲ್ಲ.

ವೈಜನಾಥರು ಅವಳ ಎದುರು ಕೂತರು. "ಬಾಯಾರ, ಜನವರಿ ಇಪ್ಪತ್ತಮೂರಕ್ಕ ಏನಾತು?"

ಅವಳು ಪೆನ್ನು ಕೆಳಗಿಟ್ಟಳು. ಕನ್ನಡ ಕೇಳಿದ್ದಕ್ಕೋ, ಆ ತಾರೀಖು ಕೇಳಿದ್ದಕ್ಕೋ, ಕಣ್ಣು ತುಂಬಿದವು.

"ಹಳೇ ಫೀಲ್ಡ್ ಬುಕ್ ಸಿಕ್ತರಿ. ಎಪ್ಪತ್ತೈದನೇ ಇಸವಿದು. ಭೂಗರ್ಭದವರು ಪೆನ್ಸಿಲ್‌ಲೆ ಬರದದ್ದು. ಇಪ್ಪತ್ತೇಳು ಮೀಟರಿಗೆ ಕಲ್ಲು ಬಿರಕೈತಿ, ಅಲ್ಲಿ ನೀರೈತಿ ಅಂತ. ನಾ ಆಗ ಅದನ್ನ ಇಪ್ಪತ್ತೊಂದು ಅಂತ ಓದಿ ಪ್ರತಿ ತೆಗದಿದ್ದೆ. ಇಪ್ಪತ್ತೊಂದಕ್ಕ ಬೋರು ನಿಲ್ಲಿಸಿದ್ರು. ನೀರು ಬರಲಿಲ್ಲ. ಬಾವಿ ಸತ್ತೈತಿ ಅಂತ ಬರದ್ರು. ಆರ ಮೀಟರ್ ಉಳದಿತ್ತರಿ, ಆರ."

"ಮ್ಯಾಲಿನವರಿಗೆ ಹೇಳಲಿಲ್ಲೇನು?"

"ಅವತ್ತ ಬರದು ಕೊಟ್ಟೆ. ಟೆಂಡರ್ ತೆರದಾಗೇತಿ, ಆಳ ಬದಲಿ ಮಾಡಿದ್ರ ಮತ್ತ ಟೆಂಡರ್ ಕರೀಬೇಕು, ಇನ್ನೆರಡು ಬ್ಯಾಸಿಗಿ ಹೋಗ್ತಾವು ಅಂದ್ರು. ಹಳೇ ತಪ್ಪು ಎತ್ತಿದ್ರ ನಿನ್ನ ಪಿಂಚಣಿನ ಹೋಗ್ತೈತಿ ಅಂದ್ರು. ಗುತ್ತಿಗ್ಯಾಗ ಏನೈತಿ ನೋಡ್ರಿ: ಏಳು ದಿನದಾಗ ನೀರು ಬರದಿದ್ರ ಬಾವಿ ಬಾಯಿಗೆ ಕಾಂಕ್ರೀಟ್ ಹಾಕಿ ಮುಚ್ಚೂದು. ಈ ಸಲ ಮುಚ್ಚಿದ್ರ ಮುಗೀತು."

"ಆದೇಶ, ಸಹಿ, ಮನಿಯಾರ್ಡರ್?"

"ಎಲ್ಲಾ ನಂದ. ಅಮೃತಪ್ಪಗ ಏನೂ ಗೊತ್ತಿಲ್ಲ. ಅವರನ್ನ ಬಿಡ್ರಿ."

"ಇಷ್ಟಕ್ಕ ಕೆಲಸ, ಮಾನ ಎಲ್ಲಾ ಪಣಕ್ಕಿಟ್ರೇನು?"

ಸುಭದ್ರಾ ತಟ್ಟಿಯಿಂದ ತೊಟ್ಟಿಕ್ಕುವ ನೀರಿನತ್ತ ತಿರುಗಿದಳು.

"ನಾನೂ ಅದ ಗಲ್ಲ್ಯಾಗ ಇರ್ತೀನ್ರಿ. ಟ್ಯಾಂಕರ್ ಪಾಳಿಗೆ ನಿಲ್ತಿದ್ದೆ. ಎಪ್ಪತ್ತೊಂಬತ್ತರ ಮೇ ತಿಂಗಳು, ನನ್ನ ಮುಂದ ಶಿವದೇವಿ ನಿಂತಿದ್ಲು. ಏಳು ತಿಂಗಳ ಬಸರಿ. ನೂಕಾಟದಾಗ ತುಂಬಿದ ಕೊಡದ ಮ್ಯಾಲೆ ಬಿದ್ಲು. ಕೂಸು ಉಳೀಲಿಲ್ಲ. ನಾನ ರಿಕ್ಷಾದಾಗ ದವಾಖಾನಿಗೆ ಒಯ್ದೆ. ಆಮ್ಯಾಲೆ ಇಷ್ಟು ವರ್ಷ ಆಕಿ ನನ್ನ ಅಕ್ಕಾ ಅಂತಾಳ, ಹಬ್ಬಕ್ಕ ಹೋಳಿಗಿ ತಂದು ಕೊಡ್ತಾಳ. ಜನವರಿತನಕ ಅದು ದೈವದ ಆಟ ಅಂತಿದ್ದೆ."

ಸಂಜೆ ನಾಲ್ಕೂ ನಲವತ್ತಕ್ಕೆ ಬಂಧನದ ದಾಖಲೆ ಬರೆದರು. ಫೀಲ್ಡ್ ಬುಕ್, ಖೊಟ್ಟಿ ನಕಾಶೆಯ ಮೂಲ, ಮನಿಯಾರ್ಡರ್ ರಸೀದಿಗಳು ಜಪ್ತಿಯಾದವು. ಕಡತದ ಕೆಳಗಿನಿಂದ ಬಂಡೆಪ್ಪ ಇನ್ನೊಂದು ಹಾಳೆ ಎಳೆದ. ಜನವರಿ 23ರ ಅವಳ ಟಿಪ್ಪಣಿ, ಅಂಚಿನಲ್ಲಿ ನರಹರಿ ರಾವ್ ಅವರ ಚಿಕ್ಕ ಸಹಿ. ಅದೂ ಜಪ್ತಿ ಪಟ್ಟಿಗೆ ಸೇರಿತು. ಬೋರು ಮುಚ್ಚಿಸುವ ಮಾತು ಎಂಜಿನಿಯರರ ಬಾಯಲ್ಲಿ ಮತ್ತೆ ಬರಲಿಲ್ಲ. ಪ್ರಕರಣ ಮುಗಿಯುವವರೆಗೆ ಬಾವಿಯೂ ಸಾಕ್ಷ್ಯ, ಅದನ್ನು ಯಾರೂ ಮುಟ್ಟಕೂಡದು ಎಂದು ವೈಜನಾಥರು ಬರೆದು ಕೊಟ್ಟಿದ್ದರು.

ಮಹಿಳಾ ಕಾನ್‌ಸ್ಟೇಬಲ್ ಜೊತೆ ಜೀಪು ಹತ್ತುವಾಗ ಸುಭದ್ರಾ ಒಂದೇ ಮಾತು ಕೇಳಿದಳು. "ಪೇಪರಿನಾಗ ಬರೂಕಿಂತ ಮೊದಲ ಆಕಿಗೆ ನಾನ ಹೇಳಬೇಕ್ರಿ."

ಗಲ್ಲಿಯಲ್ಲಿ ಜೀಪು ನಿಂತಿತು. ಇಳಿಬಿಸಿಲಿಗೆ ನಳದ ನೀರು ಜೇನಿನ ಬಣ್ಣ ತಾಳಿತ್ತು. ಸುಭದ್ರಾ ಶಿವದೇವಿಯ ಹತ್ತಿರ ಹೋಗಿ ನಿಂತು ಹೇಳಿದಳು. ಜೀಪಿನವರೆಗೆ ಅದು ಕೇಳಲಿಲ್ಲ. ಕೊಡ ತುಂಬಿ ಹೊರಚೆಲ್ಲಿತು. ಇಬ್ಬರೂ ನಳ ತಿರುಗಿಸಲಿಲ್ಲ. ಆಮೇಲೆ ಶಿವದೇವಿ ಏನೋ ಕೇಳಿದಳು. ಸುಭದ್ರಾ ಎದುರು ಮನೆಯ ಎರಡನೇ ಮಾಳಿಗೆಯತ್ತ ಕೈ ತೋರಿಸಿದಳು, ಆರು ಮೀಟರ್ ಅಂದರೆ ಇಲ್ಲಿಂದ ಅಲ್ಲಿಗೆ ಎನ್ನುವಂತೆ. ಶಿವದೇವಿ ಆ ಎತ್ತರವನ್ನು ನೋಡುತ್ತ ನಿಂತುಬಿಟ್ಟಳು.

ಆ ಸಂಜೆ ವೈಜನಾಥರು ಕೇಸ್ ಡೈರಿಯಲ್ಲಿ ಬರೆದರು: 'ಆರೋಪಿಗೆ ಈ ಕೃತ್ಯದಿಂದ ಯಾವ ಲಾಭವೂ ಆಗಿಲ್ಲ. ಹಿಂದೆ ತನ್ನ ಕೈಯಿಂದಾದ ತಪ್ಪು ತಿಳಿದ ಮೇಲೆ, ಅದನ್ನು ಸರಿಪಡಿಸಲು ಕಾನೂನಿನ ದಾರಿ ಸಿಗದೆ, ಗೊತ್ತಿದ್ದೇ ಅಪರಾಧ ಮಾಡಿದ್ದಾಳೆ.' ಎರಡು ಸಲ ಓದಿದರು. ಒಂದು ಪದವನ್ನೂ ತೆಗೆಯಲಾಗಲಿಲ್ಲ, ಸೇರಿಸಲೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಶಿವದೇವಿ ಒಬ್ಬಳೇ ಠಾಣೆಗೆ ಬಂದಳು. ರಾತ್ರಿಯೆಲ್ಲ ನಿದ್ದೆಯಿಲ್ಲದ ಮುಖ.

"ಅಕ್ಕನ್ನ ಕೋರ್ಟಿಗೆ ಯಾವಾಗ ಕರಕೊಂಡು ಹೋಗ್ತೀರಿ?"

"ಇವತ್ತು ಹನ್ನೊಂದಕ್ಕ. ಯಾಕಮ್ಮ?"

"ನಾನೂ ಬರ್ತೀನ್ರಿ."

"ಆಕಿ ಪರವಾಗಿ ಹೇಳಾಕೋ, ವಿರುದ್ಧ ಹೇಳಾಕೋ?"

ಶಿವದೇವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಅದಿನ್ನೂ ನನಗ ಗೊತ್ತಾಗವಲ್ದು," ಎಂದಳು. "ಬರ್ತೀನಿ ಅಷ್ಟ."

ವೈಜನಾಥರು ಬೆಂಚು ತೋರಿಸಿದರು. ಅವಳು ಕೂತು, ಹನ್ನೊಂದು ಆಗುವುದನ್ನು ಕಾಯತೊಡಗಿದಳು.